ಅಪ್ಪನ ಅಂಗಡಿಯ ಸೌಂಡ್ ಬಾಕ್ಸ್: ಎರಡು ವರ್ಷ ಬಳಸಿದ ಮೇಲೆ

ತಿಪಟೂರಿನಲ್ಲಿ ನಮ್ಮ ಅಪ್ಪನದು ಒಂದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ, ತಕ್ಕಡಿ ಇಡುವ ಕಟ್ಟೆ ಮೇಲೆ, ಎರಡು ವರ್ಷದಿಂದ ಒಂದು ಸೌಂಡ್ ಬಾಕ್ಸ್ ಕೂತಿದೆ. ಯಾರಾದರೂ ಸ್ಕ್ಯಾನ್ ಮಾಡಿ ದುಡ್ಡು ಹಾಕಿದರೆ ಇಷ್ಟು ರೂಪಾಯಿ ಬಂತು ಅಂತ ಜೋರಾಗಿ ಹೇಳುತ್ತದಲ್ಲ, ಅದೇ. ಈಗ ಎಳನೀರು ಗಾಡಿಯಿಂದ ಹಿಡಿದು ಬಟ್ಟೆ ಅಂಗಡಿವರೆಗೆ ಎಲ್ಲ ಕಡೆ ಇದೆ. ಆದರೆ ಇದನ್ನು ಕೂತು ಗಮನಿಸಿ ಬರೆದವರು ಕಡಿಮೆ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ. ಇದು ನಮ್ಮ ಒಂದು ಅಂಗಡಿಯ ಅನುಭವ, ಅದೇ ಕಂಪನಿಯ ಬೇರೆ ಬಾಕ್ಸ್ ಬೇರೆ ಕಡೆ ಚೆನ್ನಾಗಿರಬಹುದು.

ಇದು ಬರುವ ಮುಂಚೆ ಹೇಗಿತ್ತು ಅಂತ ಮೊದಲು ಹೇಳಬೇಕು. ಯುಪಿಐ ಶುರುವಾಗಿದ್ದು 2016ರಲ್ಲಿ, ನಮ್ಮ ಅಂಗಡಿಗೆ ಸ್ಕ್ಯಾನರ್ ಬೋರ್ಡ್ ಬಂದಿದ್ದು ಕೊರೊನಾ ಸಮಯದಲ್ಲಿ. ಅಪ್ಪನಿಗೆ 63 ವರ್ಷ. ಕೈಯಲ್ಲಿ ಯಾವಾಗಲೂ ಬೆಲ್ಲದ ಅಂಟೋ ಎಣ್ಣೆಯೋ ಹಿಟ್ಟೋ ಇರುತ್ತದೆ. ದುಡ್ಡು ಬಂತಾ ಅಂತ ನೋಡಲು ಕೈ ಒರೆಸಿಕೊಂಡು, ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹುಡುಕಿ, ಬ್ಯಾಂಕಿನ ಮೆಸೇಜು ಬಂದಿದೆಯಾ ನೋಡಬೇಕಿತ್ತು. ಮೆಸೇಜು ಒಂದೊಂದು ಸಲ ಅರ್ಧ ಗಂಟೆ ಆದ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಮೂರು ಜನ ಬಂದು ನಿಂತಿರುತ್ತಿದ್ದರು. ಹಾಗಾಗಿ ಅಪ್ಪ ಗಿರಾಕಿಯ ಫೋನನ್ನೇ ನೋಡಿ ತಲೆ ಆಡಿಸಿ ಕಳಿಸುತ್ತಿದ್ದರು. ಒಡೆದ ಗಾಜು, ಮೇಲೆ ಬಿಸಿಲು, ಒಂದು ಹಸಿರು ಗುರುತು. ಅದು ಇವತ್ತಿನದೋ ಹೋದ ವಾರದ್ದೋ ಯಾರಿಗೆ ಗೊತ್ತು? ಒಂದು ಸಲ ಒಬ್ಬ ಹುಡುಗ 1,150 ರೂಪಾಯಿ ಸಾಮಾನು ತೆಗೆದುಕೊಂಡು ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋದ. ರಾತ್ರಿ ಲೆಕ್ಕ ಹಾಕುವಾಗ ಗೊತ್ತಾಯಿತು. ದುಡ್ಡು ಹೋಗಿದ್ದಕ್ಕಿಂತ ಅಪ್ಪನಿಗೆ ಜಾಸ್ತಿ ಬೇಜಾರಾಗಿದ್ದು, ಆಮೇಲೆ ಪರಿಚಯದವರ ಫೋನನ್ನೂ ಅನುಮಾನದಿಂದ ನೋಡಬೇಕಾಯಿತಲ್ಲ ಅನ್ನುವುದಕ್ಕೆ.

ಸೌಂಡ್ ಬಾಕ್ಸ್ ಈ ಅನುಮಾನವನ್ನು ತೆಗೆದುಹಾಕಿತು. ಇದು ಸಣ್ಣ ಕೆಲಸ ಅಲ್ಲ. ಅದರೊಳಗೆ ಅದರದೇ ಒಂದು ಸಿಮ್ ಇರುತ್ತದೆ, ಅಪ್ಪನ ಫೋನಿಗೂ ಅದಕ್ಕೂ ಸಂಬಂಧ ಇಲ್ಲ, ಫೋನ್ ಮನೆಯಲ್ಲಿ ಬಿಟ್ಟು ಬಂದರೂ ನಡೆಯುತ್ತದೆ. ಗಿರಾಕಿ ಪಿನ್ ಒತ್ತಿದ ಮೇಲೆ ಅವರ ಬ್ಯಾಂಕಿನಿಂದ ದುಡ್ಡು ಹೊರಟು, ಎನ್‌ಪಿಸಿಐ ಅನ್ನುವ ಸಂಸ್ಥೆ ನಡೆಸುವ ಯುಪಿಐ ಜಾಲದ ಮೂಲಕ ನಮ್ಮ ಕಡೆಗೆ ಸೇರಿದ ಸುದ್ದಿ ಸೌಂಡ್ ಬಾಕ್ಸ್ ಕಂಪನಿಗೆ ಮುಟ್ಟಿ, ಅಲ್ಲಿಂದ ಆ ಸಿಮ್ ಮೂಲಕ ಈ ಡಬ್ಬಿಗೆ ಬರುತ್ತದೆ. ಅಂದರೆ ಮಾತಾಡುವುದು ದುಡ್ಡು ಕೊಟ್ಟವರ ಫೋನ್ ಅಲ್ಲ, ತೆಗೆದುಕೊಂಡವರ ಕಡೆಯ ಯಂತ್ರ. ಗಿರಾಕಿಯ ಪರದೆ ಏನಿದ್ದರೂ "ನಾನು ಕೊಟ್ಟೆ" ಅನ್ನುತ್ತದೆ. ಈ ಡಬ್ಬಿ "ನನಗೆ ಬಂತು" ಅನ್ನುತ್ತದೆ. ಅಂಗಡಿಯವನಿಗೆ ಬೇಕಿರುವುದು ಎರಡನೆಯದು.

ಇನ್ನೊಂದು, ಅದು ಹೇಳುವುದು ಇಬ್ಬರಿಗೂ ಒಂದೇ ಸಲ ಕೇಳಿಸುತ್ತದೆ. ಅಪ್ಪ ಒಳಗೆ ಅಕ್ಕಿ ಮೂಟೆ ಬಿಚ್ಚುತ್ತಿದ್ದರೂ ಕೇಳಿಸಿತು, ಹೊರಗೆ ಸ್ಕೂಟರ್ ಮೇಲೆ ಕೂತವರಿಗೂ ಕೇಳಿಸಿತು, "ಬಂತಲ್ಲ ಯಜಮಾನ್ರೇ, ಬರ್ತೀನಿ" ಅಂದು ಅವರು ಹೊರಟರು. ಯಾರೂ ಯಾರ ಫೋನೂ ನೋಡಲಿಲ್ಲ. ಕುಕ್ಕರ್ ಕೂಗುವುದನ್ನು ನಾವು ಹೀಗೇ ಬಳಸುತ್ತೇವೆ ಅಲ್ವಾ, ಮೂರು ಕೂಗು ಆದ ಮೇಲೆ ಆಫ್ ಮಾಡು ಅಂತ ಅಮ್ಮ ಹಿತ್ತಲಿನಿಂದಲೇ ಹೇಳುತ್ತಾರೆ. ಕಣ್ಣು, ಕೈ ಎರಡೂ ಬೇರೆ ಕೆಲಸದಲ್ಲಿ ಇರುವವರಿಗೆ ಕಿವಿಯಲ್ಲಿ ಹೇಳಬೇಕು. ಇದನ್ನು ಮೊದಲು ಯೋಚಿಸಿದವರು ಅಂಗಡಿಯಲ್ಲಿ ಒಂದು ದಿನವಾದರೂ ನಿಂತು ನೋಡಿರಬೇಕು ಅಂತ ನನಗೆ ಅನ್ನಿಸುತ್ತದೆ.

ನಮ್ಮ ಬಾಕ್ಸು ಪ್ರತಿ ಸಲ ಮೊದಲು ಕಂಪನಿಯ ಹೆಸರು ಹೇಳಿ ಆಮೇಲೆ ಮೊತ್ತ ಹೇಳುತ್ತದೆ. ಇದು ಬರೀ ಪ್ರಚಾರ, ಸುಮ್ನೆ ಸಮಯ ಹಾಳು ಅಂತ ಮೊದಲು ನನಗೆ ಸಿಟ್ಟಿತ್ತು. ಅಂಗಡಿಯಲ್ಲಿ ಒಂದು ವಾರ ಕೂತ ಮೇಲೆ ಅಭಿಪ್ರಾಯ ಬದಲಾಯಿತು. ಗದ್ದಲದಲ್ಲಿ ಕಿವಿ ಆ ಕಡೆ ತಿರುಗಲು ಒಂದು ಕ್ಷಣ ಬೇಕು. ಮೊದಲ ಪದದ ಮೇಲೆ ಕಿವಿ ತಿರುಗುತ್ತದೆ, ಅಷ್ಟರಲ್ಲಿ ಮೊತ್ತ ಬರುತ್ತದೆ. ಮೊತ್ತವನ್ನೇ ಮೊದಲು ಹೇಳಿದ್ದರೆ ಅರ್ಧ ತಪ್ಪಿಹೋಗುತ್ತಿತ್ತು. ಹೆಸರಿನ ಬದಲು ಟಣ್ ಅಂತ ಗಂಟೆ ಹೊಡೆದ ಸದ್ದು ಇಟ್ಟಿದ್ದರೂ ಸಾಕಿತ್ತು, ಆದರೂ ಪರವಾಗಿಲ್ಲ, ಕೆಲಸಕ್ಕೆ ಬರುತ್ತದೆ.

ಈಗ ಕನ್ನಡದ ವಿಷಯ. ಇದು ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ನನಗೆ ಇದೇ ಮುಖ್ಯ. ಭಾಷೆ ಕನ್ನಡ ಇಡಬಹುದು ಅನ್ನುವುದು ಒಳ್ಳೆಯದು, ಅಪ್ಪ ಮೊದಲ ದಿನವೇ ಇಡಿಸಿಕೊಂಡರು. ಆದರೆ ನಮ್ಮ ಬಾಕ್ಸು 250 ರೂಪಾಯಿಗೆ "ಎರಡು ನೂರು ಐವತ್ತು" ಅನ್ನುತ್ತದೆ. ಕನ್ನಡದಲ್ಲಿ ಯಾರು ಹಾಗೆ ಹೇಳುತ್ತಾರೆ? ಇನ್ನೂರೈವತ್ತು. ಬಿಡಿ ಬಿಡಿ ಪದ ರೆಕಾರ್ಡ್ ಮಾಡಿ ಪೋಣಿಸಿದ ಹಾಗೆ ಕೇಳುತ್ತದೆ. ಇಂಗ್ಲಿಷಿನಲ್ಲಿ ಟೂ, ಹಂಡ್ರೆಡ್, ಫಿಫ್ಟಿ ಅಂತ ಪಕ್ಕ ಪಕ್ಕ ಇಟ್ಟರೆ ಮುಗಿಯಿತು. ನಮ್ಮಲ್ಲಿ ನೂರರ ಜೊತೆ ಸೇರುವಾಗ ಪದವೇ ಬದಲಾಗುತ್ತದೆ, ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು. ಇದು ಕಿವಿಗೆ ಹಿತವೋ ಅಹಿತವೋ ಅನ್ನುವ ಮಾತಲ್ಲ. "ಎರಡು" ಅಂದು ಒಂದು ಗಳಿಗೆ ನಿಂತು "ನೂರು ಐವತ್ತು" ಅನ್ನುವಾಗ, ಆ ಮೊದಲ ಪದದ ಮೇಲೆ ಒಂದು ಲಾರಿ ಹಾರ್ನ್ ಹೊಡೆದರೆ ಉಳಿಯುವುದು ನೂರೈವತ್ತು. ಅಪ್ಪ ಎರಡು ಸಲ "ಇನ್ನೂ ನೂರು ಕೊಡಬೇಕಲ್ಲಮ್ಮ" ಅಂತ ಕೇಳಿ, ಆಮೇಲೆ ಫೋನ್ ನೋಡಿ, ಆ ಹೆಂಗಸಿನ ಹತ್ತಿರ ತಪ್ಪಾಯಿತು ಅಂದಿದ್ದಾರೆ. ನೂರರ ಇಂಥ ಎಂಟು ಒಂಬತ್ತು ಪದಗಳನ್ನು ಬೇರೆಯಾಗಿ ರೆಕಾರ್ಡ್ ಮಾಡಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಇನ್ನೊಂದು ತೊಂದರೆ ಕಂಪನಿಯ ತಪ್ಪಲ್ಲ, ನಮ್ಮ ಸಂಖ್ಯೆಗಳೇ ಹಾಗಿವೆ. ಇಪ್ಪತ್ತು, ಎಪ್ಪತ್ತು. ಒಂದು ಸ್ವರ ಮಾತ್ರ ಬೇರೆ. ಬಿ.ಎಚ್. ರಸ್ತೆ ಪಕ್ಕದಲ್ಲಿದ್ದರೆ, ಅದರಲ್ಲೂ ಕೊಬ್ಬರಿ ಹರಾಜಿನ ದಿನ ಲಾರಿ ಟೆಂಪೋ ಎಲ್ಲ ಒಟ್ಟಿಗೆ ಓಡಾಡುವಾಗ, ಇಪ್ಪತ್ತೈದು ಬಂತೋ ಎಪ್ಪತ್ತೈದು ಬಂತೋ ಅಂತ ಖಂಡಿತವಾಗಿ ಹೇಳುವುದು ಕಷ್ಟ. ಸದ್ದು ಜಾಸ್ತಿ ಮಾಡಿದರೆ ಇದು ಸರಿಹೋಗುವುದಿಲ್ಲ. ಈಗ ಅಂಕಿ ತೋರಿಸುವ ಚಿಕ್ಕ ಪರದೆ ಇರುವ ಬಾಕ್ಸ್‌ಗಳು ಬಂದಿವೆ. ಅನುಮಾನ ಬಂದಾಗ ಕತ್ತು ತಿರುಗಿಸಿ ನೋಡಿದರೆ ಆಯಿತು, 75 ಅಂತ ಇರುತ್ತದೆ. ಹೊಸದಾಗಿ ತೆಗೆದುಕೊಳ್ಳುವವರು ಸ್ವಲ್ಪ ಜಾಸ್ತಿ ಆದರೂ ಅದನ್ನೇ ತೆಗೆದುಕೊಳ್ಳಿ. ಫೋನ್‌ಪೇಯವರು 2024ರಲ್ಲಿ ತಮ್ಮ ಸ್ಪೀಕರಿಗೆ ಕಿಚ್ಚ ಸುದೀಪ್ ಅವರ ಧ್ವನಿಯನ್ನು ಕನ್ನಡದಲ್ಲಿ ಕೊಟ್ಟರು. ಪರಿಚಯದ ದನಿ ಕೇಳಿದರೆ ಯಾರಿಗಾದರೂ ಖುಷಿಯೇ. ಆದರೆ ಯಾವುದೇ ಬಾಕ್ಸ್ ಆಗಲಿ, ಯಾರ ದನಿ ಅನ್ನುವುದಕ್ಕಿಂತ ಮುಂಚೆ ನಾನು ಕೇಳುವುದು ಅದು 250ನ್ನು ಏನೆನ್ನುತ್ತದೆ ಅಂತ.

"ಸ್ವೀಕರಿಸಲಾಗಿದೆ" ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಮ್ಮ ಬಾಕ್ಸಿನ ಪ್ರತಿ ಮಾತೂ ಹೀಗೇ ಮುಗಿಯುತ್ತದೆ. ತಿಪಟೂರಿನಲ್ಲಿ ದುಡ್ಡು ಸ್ವೀಕರಿಸಲಾಗುವುದಿಲ್ಲ, ಬರುತ್ತದೆ. "ಐವತ್ತು ರೂಪಾಯಿ ಬಂತು" ಅಂದರೆ ಮುಗಿಯಿತು. ಚಿಕ್ಕದು, ಸ್ಪಷ್ಟ, ಎಲ್ಲರ ಬಾಯಲ್ಲೂ ಇರುವುದು. ಸಂಜೆ ಆರರಿಂದ ಎಂಟರವರೆಗೆ ಒಂದರ ಹಿಂದೆ ಒಂದು ಪೇಮೆಂಟ್ ಬರುವಾಗ ಒಂದು ಮಾತು ಮುಗಿಯುವವರೆಗೆ ಇನ್ನೊಂದು ಕಾಯಬೇಕು. ಉದ್ದದ ಪದ ಅಲ್ಲಿ ಬರೀ ಗಾಂಭೀರ್ಯಕ್ಕೆ ಇದ್ದರೆ ಅದು ಗಿರಾಕಿಯ ಸಮಯ ತಿನ್ನುತ್ತದೆ.

ಇನ್ನು ದೊಡ್ಡ ದೂರು. ಈ ಡಬ್ಬಿ ದುಡ್ಡು ಬಂದಾಗ ಚೆನ್ನಾಗಿ ಮಾತಾಡುತ್ತದೆ. ಬಾರದಿದ್ದಾಗ ಸುಮ್ಮನಿರುತ್ತದೆ. ಸರಿ, ಅದು ನ್ಯಾಯವೇ. ಆದರೆ ನೆಟ್‌ವರ್ಕ್ ಇಲ್ಲದಾಗಲೂ ಸುಮ್ಮನಿರುತ್ತದೆ. ಕಂಪನಿಯ ಕಡೆ ಏನೋ ತೊಂದರೆಯಾದಾಗಲೂ ಸುಮ್ಮನಿರುತ್ತದೆ. ಮೂರಕ್ಕೂ ಒಂದೇ ಮೌನ. ಅಂಗಡಿಯವನಿಗೆ ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುವುದು ಹೇಗೆ?

ಗೌರಿ ಹಬ್ಬದ ಹಿಂದಿನ ಸಂಜೆ ಇದು ಪೂರ್ತಿ ಅರ್ಥ ಆಯಿತು. ನಾನು ಊರಿಗೆ ಬಂದಿದ್ದೆ, ಅಂಗಡಿ ತುಂಬ ಜನ, ಕಡಲೆಬೇಳೆ, ಬೆಲ್ಲ, ಗಸಗಸೆ, ಏಲಕ್ಕಿ ಅಂತ ಕಟ್ಟಿ ಕೊಟ್ಟು ಸಾಕಾಗಿತ್ತು. ಹತ್ತು ವರ್ಷದಿಂದ ನಮ್ಮಲ್ಲೇ ಸಾಮಾನು ತೆಗೆದುಕೊಳ್ಳುವ ಒಬ್ಬ ಅಕ್ಕ 640 ರೂಪಾಯಿ ಸ್ಕ್ಯಾನ್ ಮಾಡಿದರು. ಸೌಂಡ್ ಬರಲಿಲ್ಲ. ಅವರ ಫೋನಿನಲ್ಲಿ ಹಸಿರು ಗುರುತು ಇದೆ. ಅಪ್ಪ ಅಂದರು, "ಇನ್ನೂ ಬಂದಿಲ್ಲ ಕಣಮ್ಮ, ಒಂದ್ನಿಮಿಷ ತಡಿ." ಐದು ನಿಮಿಷ ಆಯಿತು. ಹಿಂದೆ ನಿಂತವರೆಲ್ಲ ಅವರನ್ನೇ ನೋಡುತ್ತಿದ್ದರು. ಡಬ್ಬಿಯ ಹಸಿರು ದೀಪ ಉರಿಯುತ್ತಲೇ ಇತ್ತು, ಅಂದರೆ ಎಲ್ಲ ಸರಿ ಇದೆ ಅಂತ ತಾನೇ ನಾವು ತಿಳಿಯುವುದು? ಕೊನೆಗೆ ಆ ಅಕ್ಕ ಮುಖ ಸಣ್ಣ ಮಾಡಿಕೊಂಡು ಪರ್ಸಿನಿಂದ ನೋಟು ತೆಗೆದು ಕೊಟ್ಟು ಹೋದರು. ಒಂದು ಮಾತೂ ಆಡಲಿಲ್ಲ.

ಒಂಬತ್ತು ಗಂಟೆಗೆ, ಅಂಗಡಿ ಬಾಗಿಲು ಅರ್ಧ ಎಳೆದಿದ್ದೆವು, ಡಬ್ಬಿ ಮಾತಾಡಲು ಶುರುಮಾಡಿತು. ಒಂದರ ಹಿಂದೆ ಒಂದು, ನಿಲ್ಲಿಸದೆ, ಹನ್ನೊಂದು ಪೇಮೆಂಟ್. ಅದರಲ್ಲಿ ಆರುನೂರ ನಲವತ್ತೂ ಇತ್ತು. ಸಿಗ್ನಲ್ ಹೋಗಿತ್ತು, ಬಂದ ಕೂಡಲೇ ಕೂಡಿಟ್ಟಿದ್ದೆಲ್ಲ ಹೇಳಿತು ಅಷ್ಟೇ. ಅಪ್ಪ ಆ ರಾತ್ರಿಯೇ ಸೈಕಲ್ ತೆಗೆದುಕೊಂಡು ಅವರ ಮನೆಗೆ ಹೋಗಿ 640 ವಾಪಸ್ ಕೊಟ್ಟು, ಬೇಡ ಅಂದರೂ ಕೇಳದೆ ಒಂದು ಪ್ಯಾಕೆಟ್ ದ್ರಾಕ್ಷಿ ಗೋಡಂಬಿ ಇಟ್ಟು ಬಂದರು. ಅವರು ಈಗಲೂ ನಮ್ಮ ಅಂಗಡಿಗೇ ಬರುತ್ತಾರೆ. ಆದರೆ ಕ್ಯಾಶ್ ಕೊಡುತ್ತಾರೆ.

ಇಲ್ಲಿ ಎರಡು ತಪ್ಪಿವೆ. ಸಿಗ್ನಲ್ ಇಲ್ಲದಾಗ ಡಬ್ಬಿ ತಾನಾಗಿ "ನೆಟ್‌ವರ್ಕ್ ಇಲ್ಲ, ಫೋನ್ ನೋಡಿಕೊಳ್ಳಿ" ಅನ್ನಬೇಕಿತ್ತು. ಅಷ್ಟು ಹೇಳಲು ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ಆ ಮಾತು ಡಬ್ಬಿಯೊಳಗೇ ಇಟ್ಟಿರಬಹುದು. ಎರಡನೆಯದು ಇನ್ನೂ ಅಪಾಯ. ತಡವಾಗಿ ಬಂದ ಸುದ್ದಿಯನ್ನು ಈಗ ತಾನೇ ಬಂದ ಹಾಗೆ, ಅದೇ ದನಿಯಲ್ಲಿ, ಅದೇ ಮಾತಿನಲ್ಲಿ ಹೇಳುತ್ತದೆ. ಬಾಗಿಲು ಎಳೆದ ಮೇಲೆ ಆಗಿದ್ದರಿಂದ ಬದುಕಿದೆವು. ಏಳು ಗಂಟೆಯ ಜನಸಂದಣಿಯಲ್ಲಿ ಸಿಗ್ನಲ್ ಬಂದಿದ್ದರೆ, ಯಾರೋ ಆಗ ಕೊಟ್ಟ ದುಡ್ಡಿನ ಸೌಂಡ್ ಈಗ ಎದುರಿಗೆ ನಿಂತವರ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ಹಾಲಿನ ಪ್ಯಾಕೆಟ್ಟಿಗೆ ಒಂದೇ ಮೊತ್ತ ಕೊಡುವವರು ದಿನಕ್ಕೆ ಎಷ್ಟು ಜನ! ಐದು ನಿಮಿಷಕ್ಕಿಂತ ಹಳೆಯದಾದರೆ "ಏಳು ಗಂಟೆ ಹತ್ತು ನಿಮಿಷಕ್ಕೆ ಬಂದಿದ್ದು" ಅಂತ ಸೇರಿಸಿ ಹೇಳಲಿ, ಇಲ್ಲವೇ ಹೇಳದೆ ಫೋನಿಗೆ ಮಾತ್ರ ಕಳಿಸಲಿ.

ಬ್ಯಾಟರಿಯದೂ ಇದೇ ಜಾತಿಯ ತಪ್ಪು. ಮೊತ್ತ ಕನ್ನಡದಲ್ಲಿ ಹೇಳುವ ಡಬ್ಬಿ, ಬ್ಯಾಟರಿ ಕಡಿಮೆಯಾದಾಗ ಇಂಗ್ಲಿಷಿನಲ್ಲಿ ಹೇಳುತ್ತದೆ. ನಾನು ಇಲ್ಲದಾಗ ಅದು ಏನೋ ಹೇಳುತ್ತಿತ್ತು, ಅಪ್ಪ ಅದನ್ನು ಕಂಪನಿಯ ಜಾಹೀರಾತು ಅಂದುಕೊಂಡು ಬಿಟ್ಟಿದ್ದರು, ಮಧ್ಯಾಹ್ನ ಡಬ್ಬಿ ಆಫ್ ಆಗುತ್ತಿತ್ತು. ಚೆನ್ನಾಗಿ ನಡೆಯುವಾಗ ನಮ್ಮ ಭಾಷೆ, ಕೆಟ್ಟಾಗ ಬೇರೆ ಭಾಷೆ ಅಂದರೆ ಹೇಗೆ? ಸಹಾಯ ಜಾಸ್ತಿ ಬೇಕಾಗುವುದು ಕೆಟ್ಟಾಗಲೇ. ಮೊತ್ತವನ್ನು ಇಂಗ್ಲಿಷಿನಲ್ಲಿ ಹೇಳಿದ್ದರೂ ಅಪ್ಪನಿಗೆ ಅರ್ಥ ಆಗುತ್ತಿತ್ತು, ಫಿಫ್ಟಿ ಹಂಡ್ರೆಡ್ ಎಲ್ಲರಿಗೂ ಗೊತ್ತು. ಕನ್ನಡ ನಿಜವಾಗಿ ಬೇಕಿದ್ದದ್ದು ಬ್ಯಾಟರಿಯ ಮಾತಿಗೆ.

ಮೇಲೆ ನಾಲ್ಕು ಗುಂಡಿಗಳಿವೆ. ಎರಡು ಸದ್ದಿಗೆ, ಒಂದು ಆನ್ ಆಫ್‌ಗೆ, ಇನ್ನೊಂದರ ಮೇಲೆ ಬಾಗಿದ ಒಂದು ಬಾಣ. ಅದನ್ನು ಒತ್ತಿದರೆ ಕೊನೆಯ ಪೇಮೆಂಟನ್ನು ಮತ್ತೆ ಹೇಳುತ್ತದೆ ಅಂತ ನಮಗೆ ಗೊತ್ತಾಗಿದ್ದು ಏಳು ತಿಂಗಳ ಮೇಲೆ. ಅಂಗಡಿಯವರಿಗೆ ಇದಕ್ಕಿಂತ ಉಪಯೋಗದ ಗುಂಡಿ ಇನ್ನೊಂದಿಲ್ಲ! ಇಪ್ಪತ್ತೋ ಎಪ್ಪತ್ತೋ ಅನ್ನುವ ಅನುಮಾನಕ್ಕೆ ಅದೇ ಔಷಧಿ. ಡಬ್ಬಿ ಕೊಡಲು ಬಂದ ಹುಡುಗ ಆಧಾರ್, ಪ್ಯಾನ್, ಅಂಗಡಿ ಫೋಟೊ ಎಲ್ಲ ತೆಗೆದುಕೊಂಡ, ಈ ಒಂದು ಗುಂಡಿ ಒತ್ತಿ ತೋರಿಸಲು ಹತ್ತು ಸೆಕೆಂಡ್ ಸಾಕಿತ್ತು. ಈಗ ಅಪ್ಪ ಅದರ ಪಕ್ಕ ಒಂದು ಚೀಟಿ ಅಂಟಿಸಿ ಬಾಲ್‌ಪೆನ್ನಿನಲ್ಲಿ "ಮತ್ತೆ ಹೇಳು" ಅಂತ ಬರೆದಿದ್ದಾರೆ. ಅಂಗಡಿಗೆ ಸಂಜೆ ಬರುವ ಕೆಲಸದ ಹುಡುಗನಿಗೆ ಏನೂ ಹೇಳಿಕೊಡಬೇಕಾಗಲಿಲ್ಲ, ಓದಿದ, ಒತ್ತಿದ.

ಗಿರಾಕಿಗಳ ಫೋನಿನಲ್ಲಿ ಬರುವ ಮಾತುಗಳನ್ನೂ ಇಲ್ಲಿ ಹೇಳದಿದ್ದರೆ ಡಬ್ಬಿಯ ಮೇಲೆ ಎಲ್ಲ ತಪ್ಪು ಹೊರಿಸಿದ ಹಾಗಾಗುತ್ತದೆ. ಕೆಲವು ಸಲ ಪೇಮೆಂಟ್ ಮಧ್ಯದಲ್ಲಿ ಸಿಕ್ಕಿಕೊಂಡು "ವಹಿವಾಟು ವಿಫಲವಾಗಿದೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಅಂತ ಬರುತ್ತದೆ. ಇದನ್ನು ಓದಿದವರು ಕೇಳುವ ಮೊದಲ ಪ್ರಶ್ನೆ ಒಂದೇ. ನನ್ನ ದುಡ್ಡು ಹೋಯಿತಾ, ಇಲ್ವಾ? ಅದಕ್ಕೆ ಆ ಸಾಲಿನಲ್ಲಿ ಉತ್ತರ ಇಲ್ಲ. ಈ ವಿಷಯಕ್ಕೆ ನಿಯಮವೇ ಇದೆ. ಖಾತೆಯಿಂದ ಕಡಿತ ಆಗಿ ಅಂಗಡಿಗೆ ಸೇರಿದ್ದು ಖಚಿತವಾಗದಿದ್ದರೆ, ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಗ್ರಾಹಕರಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಹೇಳಿದೆ. ನಮ್ಮ ಅಂಗಡಿಗೆ ಬರುವವರಲ್ಲಿ ಇದು ಗೊತ್ತಿರುವವರು ನನಗೆ ಒಬ್ಬರೂ ಸಿಕ್ಕಿಲ್ಲ. "ದುಡ್ಡು ನಿಮ್ಮ ಖಾತೆಯಿಂದ ಹೋಗಿದೆ, ಅಂಗಡಿಗೆ ಸೇರಿಲ್ಲ. ಐದು ದಿನದೊಳಗೆ ವಾಪಸ್ ಬರುತ್ತದೆ" ಅಂತ ಎರಡು ಸಾಲು ಬರೆದರೆ ಕಟ್ಟೆ ಮುಂದೆ ನಡೆಯುವ ಎಷ್ಟೋ ಜಗಳ ನಿಲ್ಲುತ್ತದೆ. ಗಾಬರಿಯಲ್ಲಿ ಜನ ಎರಡನೇ ಸಲ ದುಡ್ಡು ಹಾಕುವುದೂ ನಿಲ್ಲುತ್ತದೆ.

ಎಲ್ಲರಿಗೂ ಈ ಡಬ್ಬಿ ಹಿಡಿಸುತ್ತದೆ ಅಂತಲೂ ಅಲ್ಲ. ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬರು ಒಂದು ತಿಂಗಳು ಇಟ್ಟುಕೊಂಡು ವಾಪಸ್ ಕೊಟ್ಟರು. ಮನೆಯಲ್ಲೇ ಹೊಲಿಯುತ್ತಾರೆ, ದಿನಕ್ಕೆ ಎಷ್ಟು ದುಡ್ಡು ಬಂತು ಅಂತ ಅಕ್ಕಪಕ್ಕದ ಮನೆಗೆಲ್ಲ ಕೇಳುವುದು ಅವರಿಗೆ ಬೇಡವಾಗಿತ್ತು. ಸದ್ದು ಕಡಿಮೆ ಮಾಡಿದರೆ ಹೊಲಿಗೆ ಮಿಷನ್ ಸದ್ದಿನಲ್ಲಿ ಅವರಿಗೇ ಕೇಳುವುದಿಲ್ಲ. ಮೊತ್ತ ಹೇಳದೆ ಬರೀ "ದುಡ್ಡು ಬಂತು" ಅನ್ನುವ ಆಯ್ಕೆ ಇದ್ದಿದ್ದರೆ ಅವರು ಇಟ್ಟುಕೊಳ್ಳುತ್ತಿದ್ದರು.

ಬಾಡಿಗೆ ತಿಂಗಳಿಗೆ 100, ಜಿಎಸ್‌ಟಿ ಸೇರಿ 118. ನಮ್ಮ ವ್ಯಾಪಾರಕ್ಕೆ ಇದು ಹೊರೆ ಅಲ್ಲ. ದಿನಕ್ಕೆ ಹತ್ತು ಪೇಮೆಂಟೂ ಇಲ್ಲದ ಗಾಡಿಯವರು ಯೋಚಿಸಿ ತೆಗೆದುಕೊಳ್ಳಬೇಕು. ವಾಪಸ್ ಕೊಡುವುದು ಹೇಗೆ ಅಂತ ಮೊದಲೇ ಕೇಳಿಕೊಳ್ಳಿ, ಯಾಕೆಂದರೆ ಆ ಹೊಲಿಗೆಯವರು ಡಬ್ಬಿ ಕೊಟ್ಟ ಮೇಲೂ ಎರಡು ತಿಂಗಳು ಬಾಡಿಗೆ ಕಡಿತ ಆಗಿತ್ತು.

2025ರ ಜುಲೈನಲ್ಲಿ, ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ, ಬೆಂಗಳೂರಿನಲ್ಲಿ ಎಷ್ಟೋ ಸಣ್ಣ ಅಂಗಡಿಯವರು ಸ್ಕ್ಯಾನರ್ ತೆಗೆದು "ಕ್ಯಾಶ್ ಮಾತ್ರ" ಅಂತ ಚೀಟಿ ಹಾಕಿದ್ದರು. ನಾನು ಆಗ ಬೆಂಗಳೂರಿನಲ್ಲೇ ಇದ್ದೆ. ಟೀ ಅಂಗಡಿಯಲ್ಲಿ ಚಿಲ್ಲರೆಗೆ ಮತ್ತೆ ಹುಡುಕಾಟ, ಎರಡು ರೂಪಾಯಿಗೆ ಚಾಕೊಲೇಟ್. ಆ ಡಬ್ಬಿಗಳ ದನಿ ಇಲ್ಲದ ಅಂಗಡಿ ಬೀದಿ ಎಷ್ಟು ಬೇರೆ ಥರ ಇತ್ತು ಅಂತ ಈಗಲೂ ನೆನಪಿದೆ. ಇದು ನಮ್ಮ ದಿನದ ಬಾಳಿನೊಳಗೆ ಎಷ್ಟು ಬೇಗ ಸೇರಿಹೋಗಿದೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಇಷ್ಟೆಲ್ಲ ದೂರು ಇದ್ದರೂ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಐದರಲ್ಲಿ ಮೂರೂವರೆ ಕೊಡುತ್ತೇನೆ, "ನೆಟ್‌ವರ್ಕ್ ಇಲ್ಲ" ಅಂತ ಹೇಳಲು ಕಲಿತ ದಿನ ನಾಲ್ಕೂವರೆ. ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಒಂದು ರೂಪಾಯಿ ಅಲ್ಲ, 250 ರೂಪಾಯಿ ಹಾಕಿಸಿ ಕೇಳಿ. ಸಿಗ್ನಲ್ ಇಲ್ಲದ ಕಡೆ ಒಯ್ದು ಏನು ಹೇಳುತ್ತದೆ ನೋಡಿ. ಮತ್ತೆ ಹೇಳುವ ಗುಂಡಿ ಯಾವುದು ಅಂತ ಕೇಳಿ.

ಹೋದ ವಾರ ಬೇರೆ ಕಂಪನಿಯ ಹುಡುಗ ಪರದೆ ಇರುವ ಹೊಸ ಬಾಕ್ಸ್ ತೋರಿಸಲು ಬಂದಿದ್ದ. ಭಾಷೆ ಯಾವುದು ಇಡಲಿ ಸಾರ್ ಅಂತ ಕೇಳಿದ. ಅಪ್ಪ ಕನ್ನಡ ಅಂದರು. ಆಮೇಲೆ ಕೇಳಿದರು, "ಬ್ಯಾಟರಿ ಖಾಲಿ ಆದ್ರೂ ಕನ್ನಡದಲ್ಲೇ ಹೇಳುತ್ತಾ?" ಹುಡುಗನಿಗೆ ಗೊತ್ತಿರಲಿಲ್ಲ. ಡಬ್ಬಿಯನ್ನು ನಮ್ಮ ಕಟ್ಟೆ ಮೇಲೆ ಆನ್ ಮಾಡಿ ಬಿಟ್ಟು ಹೋಗಿದ್ದಾನೆ, ಬ್ಯಾಟರಿ ಮುಗಿಯುವವರೆಗೆ ಕಾಯುತ್ತಿದ್ದೇವೆ.